ಅಮೇರಿಕೆಯ ಜಗಳ, ನಮ್ಮೂರ ಅರಳೆ

ಗಣೇಶನನ್ನು ಕೂಡ್ರಿಸಿದ ಮರುದಿನದ ಮಾತು. 2025ನೆಯ ಇಸವಿಯ ಆಗಸ್ಟ್ 28, ಸಂಜೆ. ಧಾರವಾಡದ ಲಕಮನಹಳ್ಳಿ ನಿಲ್ದಾಣದಲ್ಲಿ ಹುಬ್ಬಳ್ಳಿಗೆ ಹೋಗುವ ಚಿಗರಿ ಬಸ್ಸು ಹತ್ತಿದೆವು. ಕೈಗಾರಿಕಾ ಪ್ರದೇಶದಲ್ಲಿ ಪಾಳಿ ಬಿಟ್ಟ ಹೊತ್ತು. ಕೂಡ್ರುವ ಮಾತು ದೂರ ಉಳಿಯಿತು, ಕಾಲೂರಲು ಜಾಗ ಸಿಕ್ಕದ್ದೇ ಪುಣ್ಯ. ನಮ್ಮ ಸರಕಿನ ಮೇಲೆ ಅಮೇರಿಕೆ ಹೇರಿದ ನೂರಕ್ಕೆ ಐವತ್ತರ ಸುಂಕ ಹಿಂದಿನ ದಿನವಷ್ಟೇ, ಚೌತಿಯ ದಿನವೇ, ಜಾರಿಗೆ ಬಂದಿತ್ತು. ಅರ್ಧ ಸುಂಕ ವ್ಯಾಪಾರದ ಹೆಸರಿನಲ್ಲಿ, ಇನ್ನರ್ಧ ರಶಿಯದ ಎಣ್ಣೆ ಕೊಂಡ ತಪ್ಪಿಗೆ. ಬಸ್ಸಿನಲ್ಲಿ ಬೇರೆ ಮಾತೇ ಇರಲಿಲ್ಲ.

ಮಾತು ಹಚ್ಚಿದವರು ಇಬ್ಬರು, ಒಬ್ಬರಿಗೊಬ್ಬರ ಗುರುತಿಲ್ಲ. ಒಬ್ಬ ಕಾರಖಾನೆಯ ನೀಲಿ ಅಂಗಿಯ ತರುಣ. ಇನ್ನೊಬ್ಬರು ಬಟ್ಟೆಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ ಚಿಕ್ಕ ವ್ಯಾಪಾರಸ್ಥರು. "ಟ್ರಂಪ್ ವ್ಯಾಪಾರಸ್ಥ ಮನಷ್ಯಾರಿ. ಮೊದಲ ಹೆಚ್ಚಿಗಿ ಹೇಳತಾನ, ಆಮ್ಯಾಲೆ ಇಳಸತಾನ. ನಾವೂ ಹಂಗ ಮಾಡೂದಿಲ್ಲೇನು?" ಎಂದರು ಅವರು. "ಕಮಲಾ ಹ್ಯಾರಿಸ್ ಆರಿಸಿ ಬಂದಿದ್ರ ಹಿಂಗಾಗತಿದ್ದಿಲ್ಲ" ಎಂದ ತರುಣ. ಅಲ್ಲಿಂದ 2019ರಲ್ಲಿ ಹ್ಯೂಸ್ಟನ್ನಿನಲ್ಲಿ ಮೋದಿಯವರ ಸಭೆಗೆ ಟ್ರಂಪ್ ಬಂದದ್ದು, 2020ರಲ್ಲಿ ಅಹಮದಾಬಾದಿನ ಮೈದಾನ ತುಂಬಿದ್ದು, ಆ ಗೆಳೆತನ ಎಲ್ಲಿ ಹೋಯಿತು ಎಂಬ ಪ್ರಶ್ನೆ! ಬಸ್ಸು ಸತ್ತೂರು ದಾಟುವಷ್ಟರಲ್ಲಿ ಆರೇಳು ಮಂದಿ ಕೂಡಿ ಎರಡು ಪಕ್ಷಗಳಾಗಿದ್ದವು. 2016ರಲ್ಲಿ ಹಿಲರಿ ಕ್ಲಿಂಟನ್ ಹೆಚ್ಚು ಮತ ಪಡೆದೂ ಸೋತದ್ದು ಹೇಗೆಂಬುದನ್ನು ಆ ತರುಣ ವಿವರಿಸಿದ್ದನ್ನು ಕೇಳಿದರೆ ಕಾಲೇಜಿನ ಪ್ರಾಧ್ಯಾಪಕರೂ ತಲೆದೂಗಬೇಕು.

ಆಗ ಕಿಟಕಿಯ ಪಕ್ಕದಲ್ಲಿದ್ದ ಇಸ್ತ್ರಿ ಅಂಗಿಯ ಗೃಹಸ್ಥರೊಬ್ಬರು ಎಲ್ಲರಿಗೂ ಬುದ್ಧಿ ಹೇಳಿದರು. "ನಿಮಗ್ಯಾಕ್ರಿ ಅಮೇರಿಕಾದ ಉಸಾಬರಿ? ನಿಮ್ಮ ಓಣ್ಯಾಗ ನಳದ ನೀರ ಯಾವಾಗ ಬರತಾವ ಅದನ್ನ ಮಾತಾಡ್ರಿ ಮೊದಲ." ಬಸ್ಸೆಲ್ಲ ನಕ್ಕಿತು. ವಾದ ಅರ್ಧಕ್ಕೆ ಕುಗ್ಗಿತು.

ನಗೆ ನಮಗೂ ಬಂತು. ಆದರೆ ಆ ಮಾತನ್ನು ನಾವು ಒಪ್ಪುವುದಿಲ್ಲ. ಬಡವನು ಓಣಿಯ ನಳದ ಮಾತಾಡಬೇಕು, ಲೋಕದ ಮಾತು ದೊಡ್ಡವರಿಗೆ ಬಿಡಬೇಕು ಎಂಬುದು ಬಹಳ ಹಳೆಯ ಉಪದೇಶ. ಅದೂ ನಮ್ಮ ಧಾರವಾಡ ಸೀಮೆಯಲ್ಲಿ ನಿಂತು ಅಮೇರಿಕೆಗೂ ನಮಗೂ ಏನು ಸಂಬಂಧ ಎಂದು ಕೇಳುವುದೆಂದರೆ, ಕಾಲ ಕೆಳಗಿನ ಎರೆಮಣ್ಣನ್ನೇ ಮರೆತಂತೆ.

ಸುಮಾರು 1840ರ ಹೊತ್ತಿಗೆ ಈಸ್ಟ್ ಇಂಡಿಯಾ ಕಂಪನಿ ಅಮೇರಿಕೆಯ ದಕ್ಷಿಣ ಸೀಮೆಯಿಂದ ಹತ್ತು ಮಂದಿ ಹತ್ತಿಯ ಬೆಳೆಗಾರರನ್ನು ಸಂಬಳ ಕೊಟ್ಟು ಈ ದೇಶಕ್ಕೆ ಕರೆಸಿತು. ನೀಗ್ರೋ ಗುಲಾಮರನ್ನು ಚಾವಟಿಯಿಂದ ದುಡಿಸಿ ಹತ್ತಿ ಬೆಳೆಯುತ್ತಿದ್ದ ಸೀಮೆಯವರು ಅವರು. ನಮ್ಮ ರೈತನಿಗೆ ಹತ್ತಿ ಬೆಳೆಯುವುದನ್ನು ಕಲಿಸಲು ಬಂದರಂತೆ! ಬೇರೆ ಸೀಮೆಗಳಲ್ಲಿ ಅವರ ಪ್ರಯೋಗ ಬಹುಮಟ್ಟಿಗೆ ಮಣ್ಣುಗೂಡಿತು. ಧಾರವಾಡದ ಎರೆಭೂಮಿಯಲ್ಲಿ ಮಾತ್ರ ನ್ಯೂ ಆರ್ಲಿಯನ್ಸಿನ ಬೀಜ ಬೇರೂರಿತು. ಆ ಅರಳೆಗೆ ಇಂಗ್ಲಂಡದ ಪೇಟೆಯಲ್ಲಿ 'ಧಾರವಾಡ ಅಮೇರಿಕನ್' ಎಂದೇ ಹೆಸರು. ನಮ್ಮ ನಾಡಹತ್ತಿಗೆ ಪೇಟೆಯವರು 'ಕುಮಟಾ' ಎನ್ನುತ್ತಿದ್ದರು. ಬೆಳೆದದ್ದು ಇಲ್ಲಿ, ಹಡಗು ಹತ್ತಿದ್ದು ಕುಮಟೆಯಲ್ಲಿ, ಹೆಸರು ಬಂದರಕ್ಕೆ ಹೋಯಿತು. ಬೆಳೆದವನ ಹೆಸರು ಉಳಿಯುವ ರೂಢಿ ಯಾವ ಪೇಟೆಯಲ್ಲಿದೆ?

1861ರಲ್ಲಿ ಅಮೇರಿಕೆಯ ಉತ್ತರ ದಕ್ಷಿಣಗಳಿಗೆ ಯುದ್ಧ ಹತ್ತಿತು. ಗುಲಾಮಗಿರಿ ಇರಬೇಕೋ ಬೇಡವೋ ಎಂಬುದೇ ಅದರ ಬುಡ. ಅಧ್ಯಕ್ಷ ಲಿಂಕನ್ನನ ನೌಕಾಪಡೆ ದಕ್ಷಿಣದ ಬಂದರಗಳನ್ನು ಮುಚ್ಚಿತು. ಇಂಗ್ಲಂಡದ ಗಿರಣಿಗಳಿಗೆ ಅರಳೆ ನಿಂತಿತು. ಅವರ ಕಣ್ಣೆಲ್ಲ ಮುಂಬಯಿ ಇಲಾಖೆಯ ಮೇಲೆ ಬಿತ್ತು. ಅರಳೆಯ ಬೆಲೆ ಹಲವು ಪಟ್ಟು ಏರಿತು. ಜೋಳದ ಹೊಲದಲ್ಲಿ ಹತ್ತಿ ನಿಂತಿತು, ಜೋಳ ತುಟ್ಟಿಯಾಯಿತು. ಕಾರವಾರವನ್ನು ಅರಳೆಯ ಬಂದರ ಮಾಡಬೇಕೆಂದು ಮ್ಯಾಂಚೆಸ್ಟರದ ಬಂಡವಲಗಾರರು ಪಟ್ಟುಹಿಡಿದರು. ಉತ್ತರ ಕನ್ನಡ ಜಿಲ್ಲೆಯನ್ನು 1862ರಲ್ಲಿ ಮದರಾಸಿನಿಂದ ಕಿತ್ತು ಮುಂಬಯಿ ಇಲಾಖೆಗೆ ಸೇರಿಸಿದ್ದರ ಹಿಂದೆ ಈ ಒತ್ತಾಯವಿತ್ತು. ದೂರದ ದೇಶದ ಜಗಳದ ಅಂಜಿಕೆ ನಮ್ಮ ನಕಾಶೆಯ ಗೆರೆಯನ್ನೇ ಸರಿಸಿತು! (ಅರಳೆಯಲ್ಲಿ ಬೀಜ, ಮಣ್ಣು, ನೀರು ಕೂಡಿಸಿ ತೂಕ ಹೆಚ್ಚಿಸಿದವರೂ ಆಗ ಬಹಳ ಮಂದಿ, 1863ರಲ್ಲಿ ಅದಕ್ಕೆಂದೇ ಮುಂಬಯಿ ಸರಕಾರ ಒಂದು ಕಾಯದೆ ಮಾಡಬೇಕಾಯಿತು. ಇಂದಿನ ವ್ಯಾಪಾರಸ್ಥ ಮಿತ್ರರು ಸಿಟ್ಟಾಗಬಾರದು, ಇದು ಅವರ ಮುತ್ತಜ್ಜಂದಿರ ಸುದ್ದಿ.)

1865ರಲ್ಲಿ ಯುದ್ಧ ನಿಂತಿತು. ಬೆಲೆ ಕುಸಿಯಿತು. ಮುಂಬಯಿಯಲ್ಲಿ ಕಂಪನಿಗಳೂ ಬ್ಯಾಂಕುಗಳೂ ಮುಗ್ಗರಿಸಿದವು. ಹಳ್ಳಿಯಲ್ಲಿ ಸಾಲ ಮಾತ್ರ ಉಳಿಯಿತು. ಒಂದು ಹತ್ತು ವರ್ಷ ಕಳೆದು 1876ರ ಬರ ಬಂದಾಗ ಧಾರವಾಡ ಸೀಮೆಯ ಜನ ಹುಳುಗಳಂತೆ ಸತ್ತರು. ಬರಕ್ಕೆ ಮಳೆ ಕಾರಣ, ನಿಜ. ಮನೆಯಲ್ಲಿ ಕಾಳು ಇಲ್ಲದ್ದಕ್ಕೆ ಮಳೆಯೊಂದೇ ಕಾರಣವೆಂದು ನಾವು ಒಪ್ಪಲಾರೆವು. ಬೆಲೆ ಏಕೆ ಏರಿತು, ಏಕೆ ಇಳಿಯಿತು ಎಂದು ಹೊಲದವನಿಗೆ ಯಾರು ಹೇಳಿದ್ದರು? ಲಿಂಕನ್ನನ ಹೆಸರನ್ನು ಅವನು ಕೇಳಿರಲಿಕ್ಕಿಲ್ಲ. ಅವನ ಉಸಾಬರಿಯನ್ನು ಲಿಂಕನ್, ಮ್ಯಾಂಚೆಸ್ಟರ್, ಮುಂಬಯಿ ಮೂವರೂ ಕೂಡಿ ಮಾಡಿ ಮುಗಿಸಿದ್ದರು.

ಅದೇ ಯುದ್ಧದ ಕಾಲದಲ್ಲಿ ಅಮೇರಿಕೆಯ ರಾಜಕಾರಣವನ್ನು ಕುರಿತು ವಾದ ಮಾಡಿದ ಇನ್ನೊಂದು ಜನವಿದೆ, ಗಿರಣಿಯ ಕಾಮಗಾರ ಬಂಧುಗಳು ಅವರನ್ನು ತಿಳಿದಿರಬೇಕು. ಲ್ಯಾಂಕಶಾಯರ್ ಸೀಮೆಯ ನೂಲುಗಾರರು, ನೇಕಾರರು. ಅರಳೆ ಬಾರದೆ ಗಿರಣಿ ಮುಚ್ಚಿ ಲಕ್ಷಾಂತರ ಮಂದಿ ಬೀದಿಗೆ ಬಿದ್ದಿದ್ದರು. ಗಂಜಿ ಕೇಂದ್ರದ ಮುಂದೆ ಸಾಲು ನಿಂತಿದ್ದರು. ದಕ್ಷಿಣದ ಬಂದರ ತೆರೆದರೆ ಅವರ ಒಲೆ ಹತ್ತುತ್ತಿತ್ತು. ಅವರಲ್ಲಿ ಹಾಗೆ ತೆರೆಸಿರಿ ಎಂದವರೂ ಇದ್ದರು, ಹಸಿದವರ ಬಾಯಿಂದ ಅದು ಬಂದರೆ ತಪ್ಪೆನ್ನಲು ನಮಗೆ ಮನಸ್ಸಿಲ್ಲ. ಆದರೂ 1862ರ ಡಿಸೆಂಬರ್ 31ರ ರಾತ್ರಿ ಮ್ಯಾಂಚೆಸ್ಟರದ ಫ್ರೀ ಟ್ರೇಡ್ ಹಾಲಿನಲ್ಲಿ ಕೂಡಿದ ಕಾಮಗಾರರು, ಗುಲಾಮಗಿರಿ ಅಳಿಯಬೇಕು, ನಾವು ನಿಮ್ಮ ಪರ, ಎಂದು ಲಿಂಕನ್ನನಿಗೆ ಪತ್ರ ಬರೆದರು. 1863ರ ಜನವರಿ 19ರಂದು ಲಿಂಕನ್ ಅವರಿಗೆ ಉತ್ತರ ಬರೆದ. ಕಣ್ಣಿಂದ ಕಾಣದ ಕಪ್ಪು ಕೂಲಿಯವನಿಗಾಗಿ, ತಮ್ಮ ಹೊಟ್ಟೆಯ ಮೇಲೆ ಕಲ್ಲಿಟ್ಟುಕೊಂಡು ವಾದ ಮಾಡಿದವರು ಅವರು. ಅವರಿಗೂ ಯಾರೋ ಇಸ್ತ್ರಿ ಅಂಗಿಯವರು ನಿಮಗ್ಯಾಕೆ ಈ ಉಸಾಬರಿ ಎಂದಿರಬಹುದು.

ನಮ್ಮವರೂ ಈ ವಾದದಿಂದ ಹೊರಗಿರಲಿಲ್ಲ. 1889ರಲ್ಲಿ ಧಾರವಾಡದಲ್ಲಿ ಹುಟ್ಟಿದ ಡಾ. ನಾ. ಸು. ಹರ್ಡೀಕರರು ಮಿಶಿಗನ್ನಿನಲ್ಲಿ ಓದುತ್ತ, ಲಾಲಾ ಲಜಪತರಾಯರ ಸಂಗಡ ಅಮೇರಿಕೆಯ ಊರೂರು ತಿರುಗಿ, ಗುರುತಿಲ್ಲದ ಜನರ ಮುಂದೆ ನಿಂತು ನಮ್ಮ ಸ್ವರಾಜ್ಯದ ಪರ ವಾದಿಸಿದರು. ಅದೇ ಹರ್ಡೀಕರರು ತಿರುಗಿ ಬಂದು 1923ರಲ್ಲಿ ಹಿಂದುಸ್ತಾನಿ ಸೇವಾದಳ ಕಟ್ಟಿ ಹುಬ್ಬಳ್ಳಿಯನ್ನು ಅದರ ಮನೆ ಮಾಡಿದರು. 1951ರಲ್ಲಿ ಕಾಗೋಡಿನ ಗೇಣಿದಾರರ ಸತ್ಯಾಗ್ರಹಕ್ಕೆ ಬಂದು ಸೆರೆಯಾದ ಲೋಹಿಯಾ, 1964ರಲ್ಲಿ ಅಮೇರಿಕೆಯ ಮಿಸಿಸಿಪ್ಪಿ ಪ್ರಾಂತದ ಜ್ಯಾಕ್ಸನ್ ಊರಿನಲ್ಲಿ, ಬಿಳಿಯರಿಗೆ ಮಾತ್ರ ಮೀಸಲಾಗಿದ್ದ ಊಟದ ಮನೆಯ ಬಾಗಿಲಲ್ಲಿ ನಿಂತು ಅಲ್ಲಿಯೂ ಸೆರೆಯಾದರು. ಕಾಗೋಡು ಒಂದು ಊರು, ಜ್ಯಾಕ್ಸನ್ ಒಂದು ಊರು.

ಆದುದರಿಂದ ಚಿಗರಿ ಬಸ್ಸಿನವರು ಅಮೇರಿಕೆಯ ಮಾತು ಎತ್ತಿದ್ದು ತಪ್ಪಲ್ಲ. ನಮ್ಮ ತಕರಾರು ಬೇರೆ. ಅವರು ಎತ್ತಿದ ಮಾತು ಯಾವುದು, ಬಿಟ್ಟ ಮಾತು ಯಾವುದು?

ಟ್ರಂಪ್ ಎಂಥ ಮನುಷ್ಯ, ಹ್ಯಾರಿಸ್ಸರ ತಾಯಿಯ ಊರು ಯಾವುದು, ಯಾರು ಯಾರನ್ನು ತಬ್ಬಿಕೊಂಡರು, ಇದಿಷ್ಟೂ ಬಂತು. ಕ್ರಿಕೆಟ್ಟಿನ ಆಟಕ್ಕೆ ಪಕ್ಷ ಕಟ್ಟಿದ ಹಾಗೆ ಪಕ್ಷ ಕಟ್ಟಿದರು. ಅದೇ ದಿನ, ಆಗಸ್ಟ್ 28ರಂದೇ, ದಿಲ್ಲಿಯ ಸರಕಾರ ಮಾಡಿದ ಒಂದು ಅಪ್ಪಣೆಯ ಮಾತು ಮಾತ್ರ ಯಾರ ಬಾಯಲ್ಲೂ ಬರಲಿಲ್ಲ. ಪರದೇಶದ ಹತ್ತಿಯ ಮೇಲೆ 2021ರಿಂದ ನೂರಕ್ಕೆ 11ರ ಸುಂಕವಿತ್ತು. ನಡುವೆ 2022ರಲ್ಲಿ ಕೆಲವು ತಿಂಗಳು ಬಿಟ್ಟದ್ದುಂಟು. ಆ ಸುಂಕವನ್ನು 2025ರ ಆಗಸ್ಟ್ 19ರಿಂದ ಸೆಪ್ಟೆಂಬರ್ ಕೊನೆಯವರೆಗೆ ಮನ್ನಾ ಮಾಡಿದ್ದರು. 28ರಂದು ಅದನ್ನು ಡಿಸೆಂಬರ್ 31ರ ವರೆಗೆ ಬೆಳೆಸಿದರು. ನಮ್ಮ ರೈತನ ಹೊಸ ಅರಳೆ ಪೇಟೆಗೆ ಬರುವುದು ಯಾವಾಗ? ಸರಿಯಾಗಿ ಆ ತಿಂಗಳುಗಳಲ್ಲಿ. ಮನ್ನಾ ಅಮೇರಿಕೆಯ ಹತ್ತಿಗೆ ಮಾತ್ರವಲ್ಲ, ಬ್ರೆಝಿಲ್, ಆಸ್ಟ್ರೇಲಿಯಗಳ ಹತ್ತಿಗೂ ಸಲ್ಲುತ್ತಿತ್ತು. ಗಿರಣಿಗಳನ್ನು ಬದುಕಿಸಲು ಮಾಡಿದೆವೆಂದು ಸರಕಾರ ಹೇಳಿತು. ಅಮೇರಿಕೆಯನ್ನು ಸಮಾಧಾನಪಡಿಸಲು ಮಾಡಿದರೆಂದು ರೈತ ಸಂಘಟನೆಗಳು ಹೇಳಿದವು. ಗಿರಣಿಯ ಮಾಲಕರು ಬಹಳ ದಿನದಿಂದ ಕೇಳುತ್ತಿದ್ದದ್ದೂ ನಿಜ. ಈ ಮೂರರಲ್ಲಿ ಯಾವುದು ಸರಿಯೆಂದು ಬಸ್ಸಿನಲ್ಲಿ ಗದ್ದಲವೆದ್ದಿದ್ದರೆ ನಾವು ಕುಣಿದಾಡುತ್ತಿದ್ದೆವು.

ಇದು ಸುಲಭದ ಪ್ರಶ್ನೆಯೂ ಅಲ್ಲ. ಅಮೇರಿಕೆಯ ಸುಂಕದಿಂದ ತಿರುಪೂರು, ಬೆಂಗಳೂರುಗಳ ಸಿದ್ಧ ಉಡುಪಿನ ಕಾರಖಾನೆಗಳ ಗಿರಾಕಿ ಹಿಂಜರಿದರೆ ಮೊದಲು ಕೆಲಸ ಕಳೆದುಕೊಳ್ಳುವವಳು ಹೊಲಿಗೆಯ ಯಂತ್ರದ ಮುಂದೆ ಕುಳಿತ ಹೆಣ್ಣುಮಗಳು. ಅರಳೆ ಅಗ್ಗವಾದರೆ ಅವಳ ಕೂಲಿ ಉಳಿಯಬಹುದು. ಆದರೆ ಅರಳೆ ಅಗ್ಗವಾಯಿತೆಂದರೆ ಎರೆಹೊಲದವನ ಮನೆ ಬಿದ್ದಿತೆಂದೇ ಅರ್ಥ. ನಮ್ಮ ಭಾಗದಲ್ಲಿ ಈ ಇಬ್ಬರೂ ಬೇರೆ ಬೇರೆ ಮನೆಯವರೆಂದು ತಿಳಿಯಬೇಡಿರಿ. ಅಣ್ಣ ಹೊಲದಲ್ಲಿ, ತಮ್ಮ ಕಾರಖಾನೆಯಲ್ಲಿ, ತಂಗಿ ಬೆಂಗಳೂರಲ್ಲಿ. ಉದ್ದ ಎಳೆಯ ಹತ್ತಿಗೆ ಕ್ವಿಂಟಲಿಗೆ 8110 ರೂಪಾಯಿ ಬೆಂಬಲ ಬೆಲೆಯನ್ನು 2025-26ಕ್ಕೆ ಸಾರಿದ್ದರು. ಸಾರಿದ ಬೆಲೆ ಕೈಗೆ ಬರಬೇಕಾದರೆ ಖರೀದಿ ಕೇಂದ್ರ ವೇಳೆಗೆ ತೆರೆಯಬೇಕು, ತೇವಾಂಶದ ನೆವ ಹೇಳಿ ಗಾಡಿ ತಿರುಗಿಸಬಾರದು. ಗಿರಣಿಗೆ ನೆರವು ಬೇಕಾದರೆ ಸರಕಾರ ತನ್ನ ಬೊಕ್ಕಸದಿಂದ ಕೊಡಲಿ. ತಮ್ಮನ ಕೂಲಿ ಉಳಿಸಲು ಅಣ್ಣನ ಕಿಸೆಗೆ ಕೈ ಹಾಕುವುದು ಯಾವ ನ್ಯಾಯ? ಅಮೇರಿಕೆ ತನ್ನ ಹತ್ತಿ ಬೆಳೆಗಾರರಿಗೆ ಬೊಕ್ಕಸದಿಂದಲೇ ಸುರಿಯುತ್ತದೆ. ಆ ಸುರಿತದಿಂದ ತನ್ನ ರೈತ ಕೆಟ್ಟನೆಂದು ಬ್ರೆಝಿಲ್ 2002ರಲ್ಲಿ ಜಾಗತಿಕ ವ್ಯಾಪಾರ ಸಂಸ್ಥೆಯ ಮೆಟ್ಟಿಲು ಹತ್ತಿತು, ಗೆದ್ದಿತು, 2014ರಲ್ಲಿ ಅಮೇರಿಕೆಯಿಂದ 30 ಕೋಟಿ ಡಾಲರ್ ಪಡೆದು ತಕರಾರು ಮುಗಿಸಿತು. ಅಮೇರಿಕೆಯೊಡನೆ ವಾದ ಹೂಡುವ ಒಂದು ಬಗೆ ಅದು.

ಇನ್ನೊಂದು ವಿನೋದ ಕೇಳಿರಿ. ಲಕಮನಹಳ್ಳಿಯಲ್ಲೇ ಧಾರವಾಡ ಹಾಲು ಒಕ್ಕೂಟದ ಡೈರಿಯಿದೆ. ಆ ವರ್ಷದ ವ್ಯಾಪಾರದ ಮಾತುಕತೆಯಲ್ಲಿ ಅಮೇರಿಕೆ ತೆರೆಯಿರೆಂದು ಒತ್ತಾಯಿಸುತ್ತಿದ್ದ ಬಾಗಿಲುಗಳಲ್ಲಿ ಹಾಲು, ಹೈನಿನ ಬಾಗಿಲೂ ಒಂದು. ಎರಡೆಮ್ಮೆ ಕಟ್ಟಿದ ಮನೆಯ ಹಾಲು ಹೋಗುವ ಆ ಡೈರಿಯ ನೆರೆಯಲ್ಲೇ ಬಸ್ಸು ಹತ್ತಿ, ಟ್ರಂಪ್ ಒಳ್ಳೆಯವನೋ ಕೆಟ್ಟವನೋ ಎಂದು ಕಿತ್ತಾಡುತ್ತಿದ್ದೆವು! ಬಸ್ಸಿನಲ್ಲಿ ಒಬ್ಬ ಹಿರಿಯರಿದ್ದರು, ಮಗ ಅಲ್ಲಿ ನೌಕರಿಯಲ್ಲಿದ್ದಾನಂತೆ. ಅವರು ಬಾಯಿ ಬಿಡಲೇ ಇಲ್ಲ. ಮೂರು ವಾರ ಕಳೆದ ಮೇಲೆ, ಸೆಪ್ಟೆಂಬರ್ 19ರಂದು, ಹೊಸ ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಎಂಬ ಸುದ್ದಿ ಬಂದಾಗ ನಮಗೆ ಅವರ ಮುಖ ನೆನಪಾಯಿತು.

ನವನಗರ ದಾಟಿತು. ಎಪಿಎಂಸಿ ನಿಲ್ದಾಣ ಬಂತು. ಅಮರಗೋಳದ ಮಾರುಕಟ್ಟೆಯ ಕಡೆ ಕೈ ತೋರಿಸಿ ನಾವು ಆ ನೀಲಿ ಅಂಗಿಯ ತರುಣನಿಗೆ, ಹತ್ತಿಯ ಸುಂಕ ತೆಗೆದದ್ದು ಗೊತ್ತೇ ಎಂದು ಕೇಳಿದೆವು. "ಯಾವ ಸುಂಕಾರಿ?" ಎಂದ. ಹೇಳಿದೆವು. ಬಟ್ಟೆಯ ವ್ಯಾಪಾರಸ್ಥರು, "ಹಂಗಾರ ಬಟ್ಟಿ ಅಗ್ಗ ಆಗತೈತೇನ್ರಿ?" ಎಂದು ತಟ್ಟನೆ ಕೇಳಿದರು. ಆಗುವ ಲಕ್ಷಣ ನಮಗೆ ಕಾಣುವುದಿಲ್ಲ, ನಡುವಿನ ಕೈಗಳು ಬಹಳ ಎಂದೆವು. ಅದಕ್ಕೆ ಅವರು ಒಪ್ಪಲಿಲ್ಲ, ಲೆಕ್ಕ ಹಾಕತೊಡಗಿದರು. ನೂಲು, ಬಣ್ಣ, ಸಾಗಾಟ, ಜಿಎಸ್‌ಟಿ ಎಂದು ಬೆರಳು ಮಡಿಚಿದರು. ಹಿಂದಿನ ಸಾಲಿನವರು ಅದರಲ್ಲಿ ತಪ್ಪು ಹಿಡಿದರು. ಬಸ್ಸಿನಲ್ಲಿ ಮತ್ತೆ ವಾದ ಹತ್ತಿತು, ಮೊದಲಿಗಿಂತ ಜೋರಾಗಿ. ಇಸ್ತ್ರಿ ಅಂಗಿಯ ಗೃಹಸ್ಥರು ಉಣಕಲ್ಲಿನಲ್ಲಿ ಇಳಿದುಹೋದರು.

ತರುಣ ಮಾತ್ರ ಸುಮ್ಮನಾಗಿದ್ದ. ಹೊಸೂರಿನಲ್ಲಿ ಇಳಿಯುವಾಗ ನಮ್ಮ ಪಕ್ಕಕ್ಕೆ ಬಂದು, "ನಮ್ಮಣ್ಣಂದು ನವಲಗುಂದದ ಕಡೆ ನಾಕ ಎಕರೆ ಹತ್ತಿ ಐತ್ರಿ. ಡಿಸೆಂಬರ್ ಮೂವತ್ತೊಂದ ಅಂದ್ರಲ್ಲ, ಇನ್ನೊಮ್ಮೆ ಹೇಳ್ರಿ, ಫೋನ್ ಹಚ್ಚಿ ಅಂವಗ ತಿಳಸಬೇಕು" ಎಂದ.