ನೋಡುವವರಿಗೂ ಒಂದು ಬಾಯಿದೆ

ಬೆಂಗಳೂರಿನಿಂದ ಮೈಸೂರಿನ ಹಳೆಯ ರಸ್ತೆ ಹಿಡಿದು ಹೊರಟರೆ ಮೊದಲು ಬಿಡದಿ ಸಿಗುತ್ತದೆ. ಕನ್ನಡದ ಬಿಗ್ ಬಾಸ್ ಮನೆ ಹಲವು ಸೀಸನ್‌ಗಳಲ್ಲಿ ಎದ್ದು ನಿಂತದ್ದು ಇಲ್ಲೇ. ಮುಂದೆ ರಾಮನಗರ ದಾಟಿ ಚನ್ನಪಟ್ಟಣದ ಕಡೆ ಹೋಗುವಾಗ ಜಾನಪದ ಲೋಕ. ಸಾಹಿತ್ಯದ ವಿದ್ಯಾರ್ಥಿಗಳಾದ ನಾವು ಜಾನಪದ ಲೋಕಕ್ಕೆ ಪ್ರವಾಸ ಹೋಗುತ್ತೇವೆ, ಒನಕೆ, ಬೀಸುಕಲ್ಲುಗಳ ಮುಂದೆ ಫೋಟೊ ತೆಗೆಸಿಕೊಳ್ಳುತ್ತೇವೆ, ವಾಪಸ್ಸು ಬಂದು ವರದಿ ಬರೆಯುತ್ತೇವೆ. ಬಿಗ್ ಬಾಸ್ ಹೆಸರೆತ್ತಿದರೆ ಮೂಗು ಮುರಿಯುತ್ತೇವೆ. ನನ್ನ ತಕರಾರು ಇಷ್ಟೇ: ಒನಕೆಗೆ ಕೈಮುಗಿದು, ಟೀವಿ ಮುಂದೆ ಕೂತ ಹೆಂಗಸನ್ನು ಹೀಗಳೆಯುವವರಿಗೆ ಜಾನಪದವೂ ಅರ್ಥವಾಗಿಲ್ಲ.

‘ನಾನು ಟೀವಿ ನೋಡೋದೇ ಇಲ್ಲ’ ಎಂಬ ಮಾತು ನಮ್ಮ ವಿಚಾರ ಸಂಕಿರಣಗಳ ಊಟದ ಸಾಲಿನಲ್ಲಿ ಪದವಿಪತ್ರದ ಹಾಗೆ ಓಡಾಡುತ್ತದೆ. ನೋಡದಿರುವುದು ಅವರವರ ಇಷ್ಟ. ಆದರೆ ಅದನ್ನೇ ಅರ್ಹತೆ ಎಂದುಕೊಂಡದ್ದರ ಬೆಲೆ ದೊಡ್ಡದು. ಕೆಲವು ನೂರು ಪ್ರತಿ ಅಚ್ಚಾಗುವ ಕವನ ಸಂಕಲನಕ್ಕೆ ನಾಲ್ಕು ವಿಮರ್ಶೆ ಬರುತ್ತವೆ, ಬರಲಿ. ಪ್ರತಿ ಸಂಜೆ ಲಕ್ಷಾಂತರ ಮನೆಗಳಲ್ಲಿ ನಡೆಯುವ ಕನ್ನಡದ ಕಥನಕ್ಕೆ ಒಂದು ಗಂಭೀರ ಪುಟವೂ ಯಾಕಿಲ್ಲ? ‘ಅದಕ್ಕೆಲ್ಲ ಏನು ವಿಮರ್ಶೆ’ ಎನ್ನುವವರು, ಎಚ್.ಎಲ್. ನಾಗೇಗೌಡರು ಯಾವ ಹಟದಿಂದ ಜಾನಪದ ಲೋಕ ಕಟ್ಟಿದರು ಎಂದು ಒಮ್ಮೆ ನೆನೆಯಬೇಕು. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು, 1994ರಲ್ಲಿ ಜಾನಪದ ಲೋಕ. ನಾಟಿ ಗದ್ದೆಯ ಪದ, ಸೋಬಾನೆ, ಒಗಟು, ಬೈಗುಳ ಎಲ್ಲವೂ ಕೇಳಿ ದಾಖಲಿಸಬೇಕಾದ ಮಾತು ಎಂಬುದು ಆ ಹಟದ ಹಿಂದಿನ ನಂಬಿಕೆ. ಪಂಡಿತರು ಒಂದು ಕಾಲಕ್ಕೆ ಅದನ್ನೂ ಹಳ್ಳಿ ಗೊಣಗಾಟ ಎಂದೇ ಬದಿಗಿಟ್ಟಿದ್ದರು. ಇಂದು ಅದರ ಮೇಲೆ ಪಿಎಚ್.ಡಿ. ಮಾಡುತ್ತೇವೆ. ಸೋಬಾನೆ ಹಾಡಿದವರ ಮೊಮ್ಮಗಳು ಸಂಜೆ ಏಳರಿಂದ ಹತ್ತರವರೆಗೆ ಧಾರಾವಾಹಿ ನೋಡುತ್ತಾ ಆಡುವ ಮಾತು ಮಾತ್ರ ನಮಗೆ ಬೇಡ.

ಅವಳು ಬರೀ ಬಾಯಿಬಿಟ್ಟುಕೊಂಡು ನೋಡುತ್ತಾಳೆ ಎಂದುಕೊಂಡಿದ್ದೇವೆ. ಹಾಗೆ ನೋಡುವವರು ನನಗಂತೂ ಸಿಕ್ಕಿಲ್ಲ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದದ್ದು. ಅಲ್ಲಿಂದ ಗೂಡು ಕೊಂಡೊಯ್ದು ನೂಲು ಬಿಚ್ಚುವ ಮನೆಗಳಲ್ಲಿ ಬಿಸಿನೀರಲ್ಲಿ ಕೈಯಾಡಿಸಿ ಬೆರಳು ಸುಕ್ಕಾದ ಹೆಂಗಸರಿದ್ದಾರೆ. ಧಾರಾವಾಹಿಯ ಸೊಸೆ ರೇಷ್ಮೆ ಸೀರೆಯಲ್ಲಿ, ಮೈತುಂಬ ಒಡವೆಯಲ್ಲಿ ಒಲೆ ಮುಂದೆ ನಿಂತಾಗ, ‘ಇವಳು ಆ ಸೀರೇಲಿ ಮುದ್ದೆ ತಿರುವಲಿ ನೋಡಾನ’ ಎಂದು ನಗುವವರು ಅವರು. ವಾಸ್ತವವಾದದ ಬಗ್ಗೆ ನಾವು ಇಪ್ಪತ್ತು ಪುಟ ಬರೆದು ಹೇಳುವುದನ್ನು ಅವರು ಜಾಹೀರಾತು ಬರುವುದರೊಳಗೆ ಹೇಳಿ ಮುಗಿಸುತ್ತಾರೆ. ಈ ಕಸುಬಿನ ಎಷ್ಟೋ ಮನೆಗಳಲ್ಲಿ ಮನೆಮಾತು ಉರ್ದು, ವ್ಯಾಪಾರದ ಮಾತು ಕನ್ನಡ, ನೋಡುವ ಧಾರಾವಾಹಿಯೂ ಕನ್ನಡವೇ. ಆದರೆ ಕನ್ನಡ ಧಾರಾವಾಹಿಯಲ್ಲಿ ಮುಸ್ಲಿಂ ಮನೆಯೊಂದರ ಅಡುಗೆಕೋಣೆ ಕಾಣಿಸುವುದು ಎಷ್ಟು ಅಪರೂಪ! ‘ನಮ್ಮಂಥೋರ ಮನೆ ಯಾಕೆ ಬರಲ್ಲ?’ ಎಂಬ ಪ್ರಶ್ನೆ ಆ ಮನೆಗಳಲ್ಲಿದೆ. ಅದನ್ನು ಕೇಳಿಸಿಕೊಳ್ಳುವ ವಿಮರ್ಶಕ ಇಲ್ಲ.

ಇನ್ನೊಂದು ಉದಾಹರಣೆ. 2019ರಲ್ಲಿ ಜೀ ಕನ್ನಡದಲ್ಲಿ ಆರಂಭವಾದ ‘ಜೊತೆ ಜೊತೆಯಲಿ’, ಮರಾಠಿಯ ‘ತುಲಾ ಪಾಹತೇ ರೇ’ ಧಾರಾವಾಹಿಯ ಕನ್ನಡ ರೂಪ. ನಲವತ್ತು ದಾಟಿದ ಶ್ರೀಮಂತ ಉದ್ಯಮಿ, ಇಪ್ಪತ್ತರ ಆಸುಪಾಸಿನ ಮಧ್ಯಮವರ್ಗದ ಹುಡುಗಿ, ನಡುವೆ ಪ್ರೇಮ. ಜನ ಮುಗಿಬಿದ್ದು ನೋಡಿದರು ಎಂದಷ್ಟೇ ಸುದ್ದಿಯಾಯಿತು. ನೋಡಿದವರು ಏನೆಂದರು? ‘ಅವ್ನು ಕೋಟ್ಯಧಿಪತಿ ಆಗ್ದೆ ಮಾಗಡಿ ಸಂತೇಲಿ ಕುರಿ ಮಾರೋನಾಗಿದ್ರೆ ಅದುನ್ನ ಪ್ರೀತಿ ಅಂತಿದ್ರಾ?’ ಹಣ, ಗಂಡಸುತನ, ವಯಸ್ಸು ಮೂರನ್ನೂ ಒಂದೇ ವಾಕ್ಯದಲ್ಲಿ ಹಿಡಿದ ಈ ಮಾತಿಗೆ ಅಡಿಟಿಪ್ಪಣಿ ಇಲ್ಲ ಎಂಬುದೊಂದೇ ಕೊರತೆ. ಹೀಗೆ ಕೇಳಿದವರು ಮಾರನೆಯ ದಿನವೂ ಅದೇ ಧಾರಾವಾಹಿ ನೋಡಿದರು, ನಿಜ. ಬೈಯುತ್ತಾ ನೋಡುವುದು, ನೋಡುತ್ತಾ ಬೈಯುವುದು ನಮ್ಮ ಜನಕ್ಕೆ ಹೊಸದೇನಲ್ಲ. ರಾತ್ರಿಯಿಡೀ ನಡೆಯುವ ಮೂಡಲಪಾಯದ ಎದುರೂ ಜನ ಎದ್ದು ಹೋಗಿ ಟೀ ಕುಡಿದು ಬರುತ್ತಾರೆ, ಒಂದು ನಿದ್ದೆ ತೆಗೆಯುತ್ತಾರೆ, ವೇಷಧಾರಿ ತಪ್ಪಿದರೆ ಅಲ್ಲಿಂದಲೇ ಕೂಗುತ್ತಾರೆ. ಅರ್ಧ ಕಣ್ಣಲ್ಲಿ ನೋಡಿದರೂ ಪೂರ್ತಿ ತೀರ್ಪು ಕೊಡುವ ಕಲೆ ಅದು.

ಈ ತೀರ್ಪು ಎಲ್ಲಿಯೂ ದಾಖಲಾಗದ ಕಾರಣ ಅದರ ಜಾಗದಲ್ಲಿ ಟಿಆರ್‌ಪಿ ಬಂದು ಕೂತಿದೆ. ದೇಶದ ಕೋಟ್ಯಂತರ ಟೀವಿ ಮನೆಗಳ ಪರವಾಗಿ ಕೆಲವು ಹತ್ತು ಸಾವಿರ ಮನೆಗಳ ಮೀಟರ್‌ಗಳು ಲೆಕ್ಕ ಒಪ್ಪಿಸುತ್ತವೆ. ಯಾವ ಮನೆಯಲ್ಲಿ ಯಾವ ಚಾನೆಲ್ ಎಷ್ಟು ಹೊತ್ತು ಓಡಿತು ಎಂಬುದು ಮೀಟರಿಗೆ ಗೊತ್ತು. ಆ ಹೊತ್ತಿನಲ್ಲಿ ಮನೆಯವರು ಕಣ್ಣೀರಿಟ್ಟರೋ ಕ್ಯಾಕರಿಸಿ ಉಗಿದರೋ ಅದಕ್ಕೆ ಗೊತ್ತಿಲ್ಲ. ಹೊಗಳಿದ ಮನೆಯೂ ಒಂದೇ, ಶಾಪ ಹಾಕಿದ ಮನೆಯೂ ಒಂದೇ. ಆ ಅಂಕಿ ಹಿಡಿದುಕೊಂಡು ‘ಜನ ಕೇಳಿದ್ದನ್ನೇ ಕೊಡುತ್ತಿದ್ದೇವೆ’ ಎಂದು ಚಾನೆಲ್ಲಿನವರು ಹೇಳಿದಾಗ, ‘ಜನ ಹಾಗೆ ಹೇಳಿಲ್ಲ, ಇಗೋ ಅವರ ಮಾತು’ ಎಂದು ಎದುರಿಡಲು ನಮ್ಮ ಕೈಯಲ್ಲಿ ಏನೂ ಇಲ್ಲ. ಚಾನೆಲ್ಲುಗಳು ಜನರ ಬಾಯಿ ಕಟ್ಟಿದವು ಎಂದು ದೂರುವ ಮೊದಲು, ನಾವು ಕಿವಿ ಮುಚ್ಚಿಕೊಂಡದ್ದನ್ನೂ ಲೆಕ್ಕಕ್ಕೆ ಹಿಡಿಯಬೇಕು.

2025ರ ಅಕ್ಟೋಬರ್‌ನಲ್ಲಿ ಇದು ಎದ್ದು ಕಂಡಿತು. ಬಿಗ್ ಬಾಸ್ ಚಿತ್ರೀಕರಣ ನಡೆಯುತ್ತಿದ್ದ ಬಿಡದಿಯ ಜಾಲಿವುಡ್ ಸ್ಟುಡಿಯೋಸ್‌ಗೆ, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಆದೇಶದಂತೆ ಅಧಿಕಾರಿಗಳು ಬೀಗ ಹಾಕಿದರು. ಕಾರಣಗಳಲ್ಲಿ ಕೊಳಚೆ ನೀರಿನ ನಿರ್ವಹಣೆಯೂ ಒಂದು. ಸ್ಪರ್ಧಿಗಳನ್ನು ರೆಸಾರ್ಟಿಗೆ ಸಾಗಿಸಲಾಯಿತು, ಒಂದೆರಡು ದಿನಗಳಲ್ಲೇ ಬೀಗ ತೆರೆಯಿತು. ಸುದ್ದಿವಾಹಿನಿಗಳಿಗೆ ಬೇಕಿದ್ದದ್ದು ಶೋ ಮತ್ತೆ ಯಾವಾಗ ಎಂಬುದು. ಸಾಹಿತ್ಯದ ಮಂದಿಗೆ ಬೇಕಿದ್ದದ್ದು ‘ಹಾಗೇ ಮುಚ್ಚಿಹೋಗಲಿ’ ಎಂಬ ಒಂದು ಜೋಕು. ಆದರೆ ಬೆಂಗಳೂರಿನ ಕೊಳಚೆ ಹೊತ್ತ ವೃಷಭಾವತಿ ಬಂದು ತುಂಬುವ ಬೈರಮಂಗಲ ಕೆರೆ ಬಿಡದಿಗೆ ದೂರವಲ್ಲ. ಆ ಕಡೆಯ ಹಳ್ಳಿಯವರ ಮಾತು ಬೇರೆಯೇ ಇತ್ತು: ‘ಬೆಂಗ್ಳೂರ್ ಕಕ್ಕಸ್ಸೆಲ್ಲ ನಮ್ ಕೆರೆಗೆ ಬರ್ತಾ ಅದೆ, ಅದುಕ್ಯಾರು ಬೀಗ ಹಾಕ್ತಾರೆ?’ ಇವರೂ ಬಿಗ್ ಬಾಸ್ ನೋಡುವವರೇ, ರಾತ್ರಿ ಯಾರು ಮನೆಯಿಂದ ಆಚೆ ಹೋಗುತ್ತಾರೆ ಎಂದು ಪಂದ್ಯ ಕಟ್ಟುವವರೇ. ಇಡೀ ಪ್ರಕರಣದಲ್ಲಿ ನಾನು ಕೇಳಿದ ಅತ್ಯಂತ ತೂಕದ ಮಾತು ಇವರದು.

ಒಂದು ಆಕ್ಷೇಪ ನ್ಯಾಯವಾದದ್ದು. ಜನಪದ ಹಾಡನ್ನು ಜನ ಕಟ್ಟಿದರು, ಬಿಗ್ ಬಾಸನ್ನು ಕಂಪನಿ ಕಟ್ಟಿತು, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಹುದೇ? ಕಾರ್ಯಕ್ರಮವನ್ನು ಜನಪದ ಎಂದು ನಾನು ಕರೆಯುತ್ತಿಲ್ಲ. ಅದರ ಮುಂದೆ ಹುಟ್ಟುವ ಮಾತು ಜನರದು. 1975ರಲ್ಲಿ ಬಿಡುಗಡೆಯಾದ ‘ಶೋಲೆ’ ನಮ್ಮ ಬಂಡೆಗಳ ನಡುವೆ ತಯಾರಾಯಿತು. ತೆರೆಯ ಮೇಲೆ ಊರು ‘ರಾಮಗಢ’ವಾಯಿತು, ಕನ್ನಡ ಮಾಯವಾಯಿತು. ಚಿತ್ರ ಮುಂಬೈಯದೇ, ಆದರೆ ಅದರ ಸುತ್ತ ಇಲ್ಲಿನವರು ಐವತ್ತು ವರ್ಷ ಹೇಳಿಕೊಂಡು ಬಂದ ಕಥೆಗಳು ರಾಮನಗರದವು. ಇನ್ನೊಂದು ಆಕ್ಷೇಪ: ನೋಡುಗರ ಮಾತಲ್ಲಿ ಜಾತಿ ಇದೆ, ಹೆಣ್ಣನ್ನು ಹಳಿಯುವುದಿದೆ, ಅತ್ತೆಯ ಕ್ರೌರ್ಯಕ್ಕೆ ಚಪ್ಪಾಳೆ ಇದೆ. ಇದೆ. ಗಾದೆಗಳಲ್ಲಿ ಇಲ್ಲವೇ? ಗಾದೆಗಳನ್ನು ಸಂಗ್ರಹಿಸಿದ್ದರಿಂದಲೇ ಅದರೊಳಗಿನ ವಿಷವೂ ಚರ್ಚೆಗೆ ಬಂತು. ಕೇಳಿಸಿಕೊಳ್ಳುವುದೆಂದರೆ ತಲೆದೂಗುವುದಲ್ಲ.

ಹಾಗಾಗಿ ಕೆಲಸ ಸರಳ. ಕನ್ನಡ ವಿಭಾಗಗಳು ಒಂದು ಬ್ಯಾಚಿನ ವಿದ್ಯಾರ್ಥಿಗಳನ್ನು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳಿಗೆ ಒಂದು ತಿಂಗಳು ಕಳಿಸಲಿ. ನೂಲು ಬಿಚ್ಚುವವರ, ಗೊಂಬೆಗೆ ಅರಗಿನ ಬಣ್ಣ ಹಚ್ಚುವವರ ಮನೆಗಳಲ್ಲಿ ಅನುಮತಿ ಕೇಳಿ, ಟೀವಿಯ ಎದುರಲ್ಲ, ಟೀವಿ ನೋಡುವವರ ಪಕ್ಕದಲ್ಲಿ ಕೂರಲಿ. ಸಾಹಿತ್ಯ ಪತ್ರಿಕೆಗಳು ತಿಂಗಳಿಗೊಂದು ಧಾರಾವಾಹಿಯನ್ನಾದರೂ ಕಾದಂಬರಿಗೆ ಕೊಡುವಷ್ಟೇ ಶ್ರದ್ಧೆಯಿಂದ ವಿಮರ್ಶಿಸಲಿ, ಕಳಪೆಯಾಗಿದ್ದರೆ ಕಳಪೆ ಎಂದು ಕಾರಣ ಸಮೇತ ಬರೆಯಲಿ. 2025ರಲ್ಲಿ ಈ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣ ಎಂದಾಯಿತು. ಇಲ್ಲಿನ ಮಾತಿನ ಕಸುವೂ ಬೆಂಗಳೂರಿನ ಸ್ಟುಡಿಯೋಗಳ ನಯವಾದ ಕನ್ನಡದಲ್ಲಿ ಕರಗುವ ಮೊದಲು ಕೇಳಿಸಿಕೊಳ್ಳಬೇಕು. ಐವತ್ತು ವರ್ಷದ ಮೇಲೆ ಹಳೆಯ ಟೀವಿ ಸೆಟ್ಟೊಂದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಅದರ ಮುಂದೆ ಫೋಟೊ ತೆಗೆಸಿಕೊಳ್ಳುವುದು ಸುಲಭ. ಅದರ ಮುಂದೆ ಕೂತು ಜನ ಏನೆಂದರು ಎಂದು ಆಗ ಯಾರಾದರೂ ಕೇಳಿದರೆ, ಉತ್ತರ ಸಿಗಬೇಕಾದದ್ದು ನಾವು ಈಗ ಬರೆದಿಟ್ಟುಕೊಂಡ ಪುಟಗಳಲ್ಲಿ.