ದೂರದ ಬೆಟ್ಟವೂ ಬೆಳೆಗಾರನ ಕಲ್ಲುಗೋಡೆಯೂ



ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬುದು ಹಿರಿಯರ ಮಾತು. ಈಗ ನಮ್ಮ ಮಕ್ಕಳು ವಿದೇಶಗಳಿಗೆ ಹೋಗಿ, ಅಂಥ ಬೆಟ್ಟಗಳ ಕಾಲುದಾರಿಯಲ್ಲಿ ನಡೆದು ಚಿತ್ರ ಕಳುಹಿಸುತ್ತಿದ್ದಾರೆ. ಸಂತೋಷವೇ. ಆದರೆ ಆ ಚಿತ್ರಗಳನ್ನು ಬೆಳೆಗಾರನ ಕಣ್ಣಿನಿಂದಲೂ ಒಮ್ಮೆ ನೋಡಬೇಕೆಂಬುದು ನಮ್ಮ ಅಭಿಪ್ರಾಯ.

ಇಟಲಿಯ ಚಿಂಕ್ವೆ ತೆರ್ರೆಯನ್ನೇ ತೆಗೆದುಕೊಳ್ಳೋಣ. ಕಡಿದಾಗಿ ಸಮುದ್ರಕ್ಕಿಳಿಯುವ ಬೆಟ್ಟಸಾಲು, ಐದು ಸಣ್ಣ ಊರುಗಳು, ನಡುವೆ ಕಾಲುದಾರಿ. ಪ್ರವಾಸಿಗರು ಇದನ್ನು ಪ್ರಕೃತಿಯ ಸೊಬಗೆಂದು ಹೊಗಳುತ್ತಾರೆ. ವಾಸ್ತವವಾಗಿ ಅದು ಕೃಷಿಕರ ಬೆವರು. ಬೆಟ್ಟವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಗೋಡೆ ಕಟ್ಟಿ ದ್ರಾಕ್ಷಿ ಬೆಳೆದವರು ನಮ್ಮಂಥ ಸಣ್ಣ ಹಿಡುವಳಿದಾರರು. ಆ ದಾರಿಗಳೂ ಅವರು ಊರಿಂದೂರಿಗೆ, ಮನೆಯಿಂದ ತೋಟಕ್ಕೆ ಓಡಾಡಿದ ದಾರಿಗಳೇ. 1997ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ್ದು ಈ ದುಡಿಮೆಯ ನೆಲವನ್ನು.

ಗಾರೆಯಿಲ್ಲದ ಗೋಡೆಯ ಗುಣ ನಮಗೆ ತಿಳಿದದ್ದೇ. ಸಂದಿನಲ್ಲಿ ನೀರು ಬಸಿಯುತ್ತದೆ, ಮಣ್ಣು ಉಳಿಯುತ್ತದೆ. ಆದರೆ ಬಿದ್ದ ಕಲ್ಲನ್ನು ಎತ್ತಿಡುವ ಕೈ ವರ್ಷವರ್ಷವೂ ಬೇಕು. ಯುವಕರು ಬೇರೆ ಉದ್ಯೋಗ ಹಿಡಿದ ಮೇಲೆ ಅಲ್ಲಿನ ಬಹಳಷ್ಟು ತೋಟಗಳು ಪಾಳುಬಿದ್ದವು. 2011ರ ಅಕ್ಟೋಬರ್ 25ರ ಮಹಾಮಳೆಗೆ ಧರೆ ಜರಿದು, ವೆರ್ನಾಝಾ ಮತ್ತು ಮೊಂತೆರೊಸ್ಸೊ ಊರುಗಳ ಬೀದಿಗಳು ಕೆಸರಿನಲ್ಲಿ ಹೂತುಹೋದವು. ವೆರ್ನಾಝಾದ ಸುತ್ತ ಪರಿಶೀಲಿಸಿದ ಭೂವಿಜ್ಞಾನಿಗಳಿಗೆ, ಸಾಗುವಳಿಯಲ್ಲಿದ್ದ ಮೆಟ್ಟಿಲುಗಳಿಗಿಂತ ಈಚೆಗೆ ಪಾಳುಬಿಟ್ಟವೇ ಹೆಚ್ಚು ಜರಿದದ್ದು ಕಂಡುಬಂತು. ಬೆಳೆಗಾರ ಬಿಟ್ಟುಹೋದರೆ ತೋಟ ಮಾತ್ರವಲ್ಲ, ದಾರಿಯೂ ಊರೂ ಅಪಾಯಕ್ಕೆ ಸಿಲುಕುತ್ತವೆ.

ಕರಾವಳಿ ದಾರಿಯ ಮುಖ್ಯ ಭಾಗಗಳಲ್ಲಿ ನಡೆಯಲು ಈಗ ಶುಲ್ಕವಿದೆ. ಬೆಟ್ಟ ನೋಡಲೂ ದುಡ್ಡೇ ಎಂದು ಗೊಣಗುವವರುಂಟು. ಗೊಣಗುವುದು ಸರಿಯಲ್ಲ, ಆ ಹಣ ಕಲ್ಲುಗೋಡೆಯವರೆಗೂ ತಲುಪುತ್ತಿದೆಯೇ ಎಂದು ಕೇಳುವುದು ಸರಿ. ಮನರೋಲಾದ ಬಳಿ ಬೆಳೆಗಾರರದೇ ಸಹಕಾರ ಸಂಘವೊಂದು ದ್ರಾಕ್ಷಾರಸ ತಯಾರಿಸಿ ಮಾರುತ್ತದೆ. ಏನಾದರೂ ಕೊಳ್ಳುವುದಿದ್ದರೆ ಅಂಥಲ್ಲಿ ಕೊಳ್ಳಲಿ. ಚಿತ್ರಕ್ಕಾಗಿ ಗೋಡೆ ಹತ್ತುವ ಚಪಲವನ್ನಂತೂ ಬಿಡಲಿ. ನಾವು ಎರಡು ನಿಮಿಷದಲ್ಲಿ ಜಾರಿಸಿದ ಕಲ್ಲು ಇನ್ನೊಬ್ಬರಿಗೆ ಒಂದು ಹೊತ್ತಿನ ಕೆಲಸ.

ಪ್ರವಾಸ ಹೊರಡುವ ಮಕ್ಕಳಿಗೆ ಇಷ್ಟು ಹೇಳಿ ಕಳುಹಿಸೋಣ. ಮಳೆಗಾಲದಲ್ಲಿ ಒಡೆದ ಬದುವಿಗೆ ಮಣ್ಣು ಹಾಕಿದ ಮನೆಯ ಮಕ್ಕಳಿಗೇ ಆ ಗೋಡೆ ಕಾಣದಿದ್ದರೆ, ಬೇರಾರಿಗೆ ಕಂಡೀತು?