ಒಪ್ಪಿಗೆ ಇಲ್ಲದೆ ನಮ್ಮ ನೆಲ ಮುಟ್ಟಬೇಡಿ!



ಭೂಸ್ವಾಧೀನದ ನೋಟಿಸ್ ನಿಮ್ಮ ಮನೆಗೂ ಬಂತೇ? ಕೈಗೆ ಬಂದ ದಿನದಿಂದ ತಕರಾರು ಸಲ್ಲಿಸಲು ಇರುವುದು 30 ದಿನ. ಅಜ್ಜ, ಮುತ್ತಜ್ಜ ಉತ್ತು ಬಂದ ಹೊಲಕ್ಕೆ ಸರ್ಕಾರ ಕೊಟ್ಟ ಗಡುವು ಇಷ್ಟೇ.

ಆ ನೋಟಿಸಿನ ಹಿಂದಿರುವ 1966ರ ಕೆಐಎಡಿಬಿ (ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) ಕಾಯ್ದೆ ಏನು ಹೇಳುತ್ತದೆ ನೋಡಿ. ಅದರ 28(1)ನೇ ಕಲಮಿನಡಿ ನಿಮ್ಮ ಸರ್ವೆ ನಂಬರು ಗೆಜೆಟ್ಟಿಗೆ ಹೋಗುತ್ತದೆ. ತಕರಾರು ಕೇಳಿದ ಶಾಸ್ತ್ರ ಮುಗಿಸಿ 28(4) ಹೊರಡಿಸಿದರೆ ಮುಗಿಯಿತು, ಆ ಪ್ರಕಟಣೆಯೊಂದಿಗೇ ನೆಲ ಸರ್ಕಾರದ್ದು. ದುಡ್ಡಿನ ಮಾತು ಆಮೇಲೆ. "ಕೊಡುತ್ತೀಯೇನಪ್ಪಾ?" ಎಂದು ರೈತನನ್ನು ಕೇಳಬೇಕೆಂಬ ಕಲಮು ಅದರಲ್ಲಿ ಎಲ್ಲೂ ಇಲ್ಲ. ಖಾಸಗಿ ಕಂಪನಿಗೆ ಭೂಮಿ ಬೇಕಾದರೆ ಶೇ. 80ರಷ್ಟು ಮಂದಿ ಒಪ್ಪಬೇಕು ಎನ್ನುತ್ತದೆ 2013ರ ಕೇಂದ್ರ ಕಾಯ್ದೆ. ಅದಿರುವಾಗ ಈ ಹಳೇ ಕಾಯ್ದೆ ಹಿಡಿದೇ ಏಕೆ ಬರುತ್ತಾರೆ? ನಮ್ಮನ್ನು ಕೇಳುವ ಮನಸ್ಸಿಲ್ಲ, ಅದಕ್ಕೆ!

1978ರ 44ನೇ ತಿದ್ದುಪಡಿಯಿಂದ ಆಸ್ತಿ ಮೂಲಭೂತ ಹಕ್ಕಾಗಿ ಉಳಿದಿಲ್ಲ, ನಿಜ. ಆದರೆ ಸಂವಿಧಾನದ 300ಎ ವಿಧಿ ಉಳಿದಿದೆ. ಮಾಲೀಕನಿಗೆ ತಿಳಿಸಬೇಕು, ಅವನ ಆಕ್ಷೇಪ ಕೇಳಬೇಕು, ಸಾರ್ವಜನಿಕ ಉದ್ದೇಶ ತೋರಿಸಬೇಕು, ನ್ಯಾಯವಾದ ಪರಿಹಾರ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ಬಿಡಿಸಿ ಹೇಳಿದೆ.

"ಪರಿಹಾರ ಕೊಡ್ತಾರಲ್ಲ" ಎನ್ನುವವರು ಬೆಂಗಳೂರು–ಮೈಸೂರು ಕಾರಿಡಾರ್ ಯೋಜನೆಗೆ ಭೂಮಿ ಕಳೆದುಕೊಂಡವರನ್ನು ಹೋಗಿ ಕೇಳಲಿ. 2003ರಲ್ಲಿ ಅಧಿಸೂಚನೆ, 2005ರಲ್ಲಿ ಭೂಮಿ ವಶ. ಪರಿಹಾರದ ಆದೇಶ ಬಂದದ್ದು 2019ರಲ್ಲಿ, ಅದೂ 2011ರ ಮಾರ್ಗಸೂಚಿ ಬೆಲೆಗೆ! 2019ರ ಮಾರುಕಟ್ಟೆ ಬೆಲೆಯನ್ನೇ ಕೊಡಿ ಎಂದು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು. ಅಷ್ಟು ವರ್ಷ ಆ ಮನೆಗಳ ಮಕ್ಕಳ ಓದು, ಮದುವೆ, ಮುದುಕರ ಔಷಧಿ ಯಾವ ದುಡ್ಡಿನಲ್ಲಿ ನಡೆಯಬೇಕಿತ್ತು?

"ಅಭಿವೃದ್ಧಿ ಬೇಡವೇ?" ಎಂದು ಕೇಳುವ ನಗರದ ಮಹನೀಯರು ಮೊದಲು ತಮ್ಮ ಸೈಟಿನ ಪತ್ರ ತಂದು ಮೇಜಿನ ಮೇಲಿಡಲಿ. ಆಮೇಲೆ ನಮಗೆ ತ್ಯಾಗದ ಪಾಠ ಹೇಳಲಿ.

ನಮ್ಮೊಳಗಿನವರ ಮಾತನ್ನೂ ಆಡಲೇಬೇಕು. ಹಗಲು ಹಸಿರು ಶಾಲು ಹೊದ್ದು ಧಿಕ್ಕಾರ ಕೂಗಿ, ರಾತ್ರಿ ಎಕರೆಗೆ ಎಷ್ಟೆಂದು ರೇಟು ಕುದುರಿಸುವ ಮುಖಂಡರೇ, ನಿಮಗೆ ಆ ಅಧಿಕಾರ ಕೊಟ್ಟವರು ಯಾರು? ವಿರೋಧ ಪಕ್ಷದಲ್ಲಿದ್ದಾಗ ಧರಣಿಗೆ ಬಂದು ಕೂರುವ, ಕುರ್ಚಿ ಸಿಕ್ಕಾಗ ಅಧಿಸೂಚನೆಗೆ ಸಹಿ ಹಾಕುವ ಪಕ್ಷಗಳೇ, 1966ರ ಈ ಕಾಯ್ದೆಯನ್ನು ನಿಮ್ಮಲ್ಲಿ ಯಾರು ರದ್ದು ಮಾಡಿದಿರಿ? ಒಬ್ಬರೂ ಇಲ್ಲ.

ದೇವನಹಳ್ಳಿ ತಾಲ್ಲೂಕು ಚನ್ನರಾಯಪಟ್ಟಣ ಹೋಬಳಿಯ ರೈತರು ಯಾರ ಮುಖವನ್ನೂ ನೋಡುತ್ತಾ ಕೂರಲಿಲ್ಲ. 13 ಹಳ್ಳಿಗಳ 1,777 ಎಕರೆಗಾಗಿ 2022ರ ಏಪ್ರಿಲ್‌ನಿಂದ ಸಾವಿರ ದಿನಕ್ಕೂ ಮೀರಿ ಧರಣಿ ಕೂತರು. ಲಾಠಿಗೂ ಬಗ್ಗಲಿಲ್ಲ. 2025ರ ಜುಲೈ 15ರಂದು ಸರ್ಕಾರ ಸ್ವಾಧೀನ ಕೈಬಿಡುವುದಾಗಿ ಘೋಷಿಸಬೇಕಾಯಿತು. ಅಲ್ಲಿ ಆದದ್ದು ಇಲ್ಲಿ ಏಕಾಗದು?

ಕೇಳದೆ ಕಿತ್ತುಕೊಳ್ಳುವ ಕಾನೂನು ಹೋಗಲೇಬೇಕು. ರೈತನ ಮಾತಿಗೆ ಬೆಲೆ ಕೊಡುವ ಕಾನೂನು ಬರಲೇಬೇಕು.

ಬಂಧುಗಳೇ, ದಳ್ಳಾಳಿ ತಂದ ಯಾವ ಕಾಗದಕ್ಕೂ ಸಹಿ ಹಾಕಬೇಡಿ, ಹೆಬ್ಬೆಟ್ಟು ಒತ್ತಬೇಡಿ. ಜಂಟಿ ಖಾತೆಯಲ್ಲಿರುವ ಅಣ್ಣತಮ್ಮಂದಿರು, ಅಕ್ಕತಂಗಿಯರು ಎಲ್ಲರೂ ಬೇರೆ ಬೇರೆಯಾಗಿ ತಕರಾರು ಬರೆದುಕೊಡಿ, ಸ್ವೀಕೃತಿ ಪಡೆಯದೆ ಕಚೇರಿಯಿಂದ ಕದಲಬೇಡಿ. ವಿಚಾರಣೆಯ ದಿನ ಮನೆಗೊಬ್ಬರಲ್ಲ, ಮನೆಮಂದಿಯೆಲ್ಲ ಬನ್ನಿ.